ಇಸ್ಲಾಂ ಧರ್ಮದಲ್ಲಿ ಕ್ರಯವಿಕ್ರಯದ ನಿಯಮಗಳು: ನೈತಿಕ ದೈವಶಾಸ್ತ್ರದ ಬೆಳಕಿನಲ್ಲಿ ಒಂದು ಪರಿಚಯ

ಪೀಠಿಕೆ

ಕೆಲವು ವರ್ಷಗಳ ಹಿಂದೆ ನಮ್ಮ ಗುರುಮಠದ ವಿದ್ಯಾರ್ಥಿಯೊಬ್ಬನು ನಿಲುವಂಗಿಗೆ ಬಟ್ಟೆ ತರಲು ಪೇಟೆಗೆ ಹೋಗಿದ್ದನು. ಅಂಗಡಿಯ ಮಾಲೀಕರು ಮುಸ್ಲಿಮರು. ಬಟ್ಟೆಯನ್ನು ಅಳೆದು ಕತ್ತರಿಸುವ ಮೊದಲು ಅವರು ಅದನ್ನು ಬೆಳಕಿಗೆ ಹಿಡಿದು, ನೇಯ್ಗೆಯಲ್ಲಿ ಎಳೆ ತಪ್ಪಿದ್ದ ಒಂದು ಜಾಗವನ್ನು ತಾವಾಗಿಯೇ ತೋರಿಸಿ, ಬೇಡವೆಂದರೆ ಬೇರೆ ಥಾನು ಬಿಚ್ಚುವೆನೆಂದು ಹೇಳಿದರಂತೆ. ವಿದ್ಯಾರ್ಥಿಯ ಕಣ್ಣಿಗೆ ಆ ದೋಷ ಬಿದ್ದಿರಲಿಲ್ಲ. ಮರುದಿನ ಏಳನೆಯ ಆಜ್ಞೆಯನ್ನು ಕುರಿತ ತರಗತಿಯಲ್ಲಿ ಅವನು ಎರಡು ಪ್ರಶ್ನೆಗಳನ್ನು ಮುಂದಿಟ್ಟನು. ತನಗೆ ಗೊತ್ತೇ ಇಲ್ಲದಿದ್ದ ದೋಷವನ್ನು ಆ ವ್ಯಾಪಾರಿ ಹೇಳಿದ್ದು ಅವರ ಸ್ವಭಾವದ ಒಳ್ಳೆಯತನದಿಂದಲೋ ಅಥವಾ ಅವರ ಧರ್ಮದ ಕಟ್ಟಳೆಯಿಂದಲೋ? ಕ್ರೈಸ್ತ ವ್ಯಾಪಾರಿಗೂ ಅಂಥ ಕಟ್ಟಳೆ ಇದೆಯೇ?

ಅಂದು ನಾವು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಅದನ್ನು ಪೂರ್ಣಗೊಳಿಸುವ ಪ್ರಯತ್ನವೇ ಈ ಲೇಖನ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಹೊರಡಿಸಿದ 'ನೋಸ್ತ್ರಾ ಎತಾತೆ' ಘೋಷಣೆಯ ಮೂರನೆಯ ಪರಿಚ್ಛೇದವು ಮುಸ್ಲಿಮರ ನೈತಿಕ ಜೀವನವನ್ನು ಗೌರವದಿಂದ ಕಾಣುತ್ತದೆ. ಸಾಮಾಜಿಕ ನ್ಯಾಯ ಮತ್ತು ನೈತಿಕ ಮೌಲ್ಯಗಳಿಗಾಗಿ ಎರಡೂ ಸಮುದಾಯಗಳು ಜೊತೆಯಾಗಿ ದುಡಿಯಬೇಕೆಂದು ಕರೆ ನೀಡುತ್ತದೆ. ಗೌರವಿಸಬೇಕಾದರೆ ಅರಿತಿರಬೇಕು. ನಾವು ಸಂವಾದವೆಂದು ಮಾತನಾಡುವಾಗ ತ್ರಿತ್ವ, ಅವತಾರ, ಪ್ರವಾದಿತ್ವ ಮುಂತಾದ ವಿಷಯಗಳತ್ತ ಸಹಜವಾಗಿ ತಿರುಗುತ್ತೇವೆ. ಆದರೆ ನಮ್ಮ ಭಕ್ತಾದಿಗಳೂ ಅವರ ನೆರೆಯ ಮುಸ್ಲಿಮರೂ ಪ್ರತಿದಿನ ಸಂಧಿಸುವುದು ಅಂಗಡಿಯ ಕಟ್ಟೆಯಲ್ಲಿ, ಮೀನು ಮಾರುಕಟ್ಟೆಯಲ್ಲಿ, ಅಡಕೆ ಮಂಡಿಯಲ್ಲಿ. ಆ ಸ್ಥಳಗಳಿಗೂ ಒಂದು ಧರ್ಮಶಾಸ್ತ್ರವಿದೆ.

1. ನಿಯಮಗಳ ಮೂಲ ಮತ್ತು ಸ್ವರೂಪ

ಇಸ್ಲಾಮಿನ ಧರ್ಮಶಾಸ್ತ್ರವಾದ ಫಿಕ್ಹ್ ಮನುಷ್ಯನ ಕ್ರಿಯೆಗಳನ್ನು ಎರಡು ದೊಡ್ಡ ವಿಭಾಗಗಳಲ್ಲಿ ವಿವೇಚಿಸುತ್ತದೆ. ನಮಾಜು, ಉಪವಾಸ, ಹಜ್ ಮುಂತಾದ ಆರಾಧನೆಗಳು 'ಇಬಾದಾತ್'. ಮಾರಾಟ, ಬಾಡಿಗೆ, ಪಾಲುದಾರಿಕೆ, ಸಾಲ, ಅಡಮಾನ ಮುಂತಾದ ಪರಸ್ಪರ ವ್ಯವಹಾರಗಳು 'ಮುಆಮಲಾತ್'. ಆರಾಧನೆಯಲ್ಲಿ ಆಜ್ಞಾಪಿಸಿದ್ದನ್ನು ಮಾತ್ರ ಮಾಡಬೇಕು. ವ್ಯವಹಾರದಲ್ಲಿ ನಿಷೇಧಿಸದಿರುವುದೆಲ್ಲವೂ ಸಮ್ಮತ ಎಂಬುದು ಬಹುಪಾಲು ವಿದ್ವಾಂಸರು ಒಪ್ಪಿರುವ ಸೂತ್ರ. ವ್ಯಾಪಾರವು ಸಂಶಯದಿಂದ ನೋಡಬೇಕಾದ ವೃತ್ತಿಯಲ್ಲ. ಪ್ರವಾದಿ ಮುಹಮ್ಮದರು ಸ್ವತಃ ಖದೀಜಾರ ಪರವಾಗಿ ವ್ಯಾಪಾರಯಾತ್ರೆ ಕೈಗೊಂಡವರು. ಹನಫಿ ಪಂಥದ ಮೂಲಪುರುಷ ಅಬೂ ಹನೀಫಾ (ನಿಧನ 767) ಕೂಫಾ ನಗರದ ಬಟ್ಟೆ ವ್ಯಾಪಾರಿ.

ಕುರ್‌ಆನ್‌ನಲ್ಲಿ ವ್ಯಾಪಾರವನ್ನು ಕುರಿತ ವಚನಗಳು ಸಂಖ್ಯೆಯಲ್ಲಿ ಕಡಮೆ, ತೂಕದಲ್ಲಿ ಹೆಚ್ಚು. ಎರಡನೆಯ ಅಧ್ಯಾಯದ 275ನೆಯ ವಚನವು ವ್ಯಾಪಾರವನ್ನು ಸಮ್ಮತವೆಂದೂ ಬಡ್ಡಿಯನ್ನು ನಿಷಿದ್ಧವೆಂದೂ ಸಾರುತ್ತದೆ. ಅದೇ ಅಧ್ಯಾಯದ 282ನೆಯ ವಚನ ಇಡೀ ಗ್ರಂಥದಲ್ಲೇ ಅತಿ ದೀರ್ಘವಾದುದು. ಅದರ ವಿಷಯ ಸಾಲವನ್ನು ಸಾಕ್ಷಿಗಳ ಸಮ್ಮುಖದಲ್ಲಿ ಬರೆದಿಡಬೇಕೆಂಬುದು. ನಾಲ್ಕನೆಯ ಅಧ್ಯಾಯದ 29ನೆಯ ವಚನವು ಪರಸ್ಪರ ಸಮ್ಮತಿಯ ವ್ಯಾಪಾರದ ಹೊರತು ಒಬ್ಬರು ಇನ್ನೊಬ್ಬರ ಸಂಪತ್ತನ್ನು ಅನ್ಯಾಯವಾಗಿ ಕಬಳಿಸಬಾರದೆಂದು ವಿಧಿಸುತ್ತದೆ. ಎಂಬತ್ತಮೂರನೆಯ ಅಧ್ಯಾಯದ ಆರಂಭವೇ, ಪಡೆಯುವಾಗ ಪೂರ್ಣವಾಗಿ ಅಳೆಸಿಕೊಂಡು ಕೊಡುವಾಗ ಕಡಮೆ ಅಳೆಯುವವರ ಮೇಲಿನ ಖಂಡನೆ. ಯಾಜಕಕಾಂಡದ 19ನೆಯ ಅಧ್ಯಾಯ, ಧರ್ಮೋಪದೇಶಕಾಂಡದ 25ನೆಯ ಅಧ್ಯಾಯ ಮತ್ತು ಪ್ರವಾದಿ ಆಮೋಸನ ಗ್ರಂಥಗಳನ್ನು ಓದಿರುವ ನಮಗೆ ಈ ದನಿ ಅಪರಿಚಿತವಲ್ಲ.

ಈ ವಚನಗಳ ಮೇಲೆ, ಪ್ರವಾದಿಯ ನಡೆನುಡಿಗಳ ವರದಿಗಳಾದ ಹದೀಸ್‌ಗಳ ಮೇಲೆ, ಸುನ್ನಿ ಸಂಪ್ರದಾಯದ ನಾಲ್ಕು ಪಂಥಗಳು ತಮ್ಮ ವಿವರವಾದ ಶಾಸ್ತ್ರವನ್ನು ಕಟ್ಟಿವೆ: ಹನಫಿ, ಮಾಲಿಕಿ, ಶಾಫಿಈ, ಹಂಬಲಿ. ಕರ್ನಾಟಕದ ಒಳನಾಡಿನ ಉರ್ದು ಮಾತನಾಡುವ ಮುಸ್ಲಿಮರು ಬಹುಪಾಲು ಹನಫಿಗಳು. ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಶಾಫಿಈಗಳು. ಆದ್ದರಿಂದ ಒಂದೇ ರಾಜ್ಯದೊಳಗೆ ಒಂದೇ ಪ್ರಶ್ನೆಗೆ ಎರಡು ಉತ್ತರಗಳು ದೊರೆಯುವುದುಂಟು.

2. ಒಪ್ಪಂದ ಮತ್ತು ಹಿಂದೆಗೆಯುವ ಹಕ್ಕು

ಮಾರಾಟವು ಸಿಂಧುವಾಗಬೇಕಾದರೆ ಒಬ್ಬನ ಪ್ರಸ್ತಾಪ ಮತ್ತು ಇನ್ನೊಬ್ಬನ ಸ್ವೀಕಾರ ಇರಬೇಕು; ಇಬ್ಬರೂ ವಿವೇಚನೆಯುಳ್ಳವರಾಗಿರಬೇಕು; ಸಮ್ಮತಿ ಸ್ವತಂತ್ರವಾಗಿರಬೇಕು; ಸರಕು ಮಾರುವವನ ಸ್ವಾಧೀನದಲ್ಲಿರಬೇಕು; ಸರಕೂ ಬೆಲೆಯೂ ಇಬ್ಬರಿಗೂ ಸ್ಪಷ್ಟವಾಗಿ ತಿಳಿದಿರಬೇಕು. ಈ ಕೊನೆಯ ಷರತ್ತನ್ನು ಗಮನದಲ್ಲಿಡೋಣ. ಅರಿವಿಲ್ಲದ ಸಮ್ಮತಿ ಪೂರ್ಣ ಸಮ್ಮತಿಯಲ್ಲ ಎಂಬ ತತ್ತ್ವ ಅದರಲ್ಲಿ ಅಡಗಿದೆ. ಮುಂದೆ ಹೇಳಲಿರುವ ನಿಯಮಗಳಲ್ಲಿ ಹೆಚ್ಚಿನವು ಈ ಬೇರಿನಿಂದಲೇ ಚಿಗುರಿವೆ.

ಒಪ್ಪಿದ ಮೇಲೂ ಹಿಂದೆಗೆಯುವ ಹಕ್ಕಿಗೆ 'ಖಿಯಾರ್' ಎಂದು ಹೆಸರು. ಮಾತುಕತೆಯ ಸ್ಥಳದಿಂದ ಇಬ್ಬರೂ ಅಗಲುವವರೆಗೆ ಯಾರು ಬೇಕಾದರೂ ವ್ಯವಹಾರವನ್ನು ರದ್ದುಮಾಡಬಹುದೆಂದು ಶಾಫಿಈ ಮತ್ತು ಹಂಬಲಿ ಪಂಥಗಳು ಹದೀಸ್ ಆಧಾರದಿಂದ ಹೇಳುತ್ತವೆ. ಹನಫಿ ಮತ್ತು ಮಾಲಿಕಿ ಪಂಥಗಳಲ್ಲಿ ಮಾತು ಮುಗಿದೊಡನೆ ಮಾರಾಟ ಮುಗಿಯಿತು. ಆ ಹದೀಸನ್ನು ತಮ್ಮ 'ಮುವತ್ತಾ' ಗ್ರಂಥದಲ್ಲಿ ದಾಖಲಿಸಿದ ಇಮಾಮ್ ಮಾಲಿಕರೇ (ನಿಧನ 795), ಮದೀನಾದ ರೂಢಿ ಹಾಗಿಲ್ಲವೆಂಬ ಕಾರಣದಿಂದ ಅದನ್ನು ನಿಯಮವಾಗಿ ಸ್ವೀಕರಿಸಲಿಲ್ಲ. ಗ್ರಂಥ ಮತ್ತು ಸಂಪ್ರದಾಯಗಳ ಸಂಬಂಧವನ್ನು ಅಧ್ಯಯನ ಮಾಡುವ ನಮ್ಮ ವಿದ್ಯಾರ್ಥಿಗಳಿಗೆ ಈ ಉದಾಹರಣೆ ಚಿಂತನಾರ್ಹ. ಇದಲ್ಲದೆ, ಯೋಚಿಸಲು ಕಾಲಾವಕಾಶ ಬೇಕೆಂದು ಷರತ್ತು ಹಾಕಿ ಕೊಳ್ಳುವ ಪದ್ಧತಿಯೂ ಉಂಟು. ಅಬೂ ಹನೀಫಾ ಮತ್ತು ಶಾಫಿಈ ಇಬ್ಬರೂ ಅದಕ್ಕೆ ಮೂರು ದಿನಗಳ ಮಿತಿಯನ್ನು ಹಾಕುತ್ತಾರೆ. ಎಲ್ಲಕ್ಕಿಂತ ಮುಖ್ಯವಾದುದು ದೋಷದ ಕಾರಣದಿಂದ ಹಿಂದಿರುಗಿಸುವ ಹಕ್ಕು. ಇದನ್ನು ನಾಲ್ಕೂ ಪಂಥಗಳು ಮಾನ್ಯ ಮಾಡುತ್ತವೆ.

3. ದೋಷವನ್ನು ಮರೆಮಾಚುವುದು

ಸಹೀಹ್ ಮುಸ್ಲಿಂ ಸಂಗ್ರಹದಲ್ಲಿ ಒಂದು ಪ್ರಸಂಗವಿದೆ. ಪ್ರವಾದಿಯವರು ಮಾರುಕಟ್ಟೆಯಲ್ಲಿ ಒಂದು ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಬೆರಳುಗಳಿಗೆ ತೇವ ತಗುಲಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಸಮಜಾಯಿಷಿ ಹೇಳಿದನು. ಹಾಗಾದರೆ ನೆನೆದುದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ಕೇಳಿದ ಪ್ರವಾದಿ, ಮೋಸ ಮಾಡುವವನು ತನಗೆ ಸೇರಿದವನಲ್ಲವೆಂದು ನುಡಿದರು. ಇಲ್ಲಿ ವ್ಯಾಪಾರಿ ಸುಳ್ಳು ಹೇಳಿರಲಿಲ್ಲ. ಯಾರೂ ಅವನನ್ನು ಪ್ರಶ್ನಿಸಿಯೂ ಇರಲಿಲ್ಲ. ರಾಶಿಯನ್ನು ಜೋಡಿಸಿದ ರೀತಿಯೇ ಅವನ ಪರವಾಗಿ ಸುಳ್ಳಾಡಿತ್ತು. ಮೌನವೂ ಮಾತಿನಂತೆ ಮೋಸವಾಗಬಲ್ಲದು ಎಂಬುದು ಈ ಪ್ರಸಂಗದ ಸಾರ.

ಇನ್ನೊಂದು ಉದಾಹರಣೆ ನಮ್ಮ ದನದ ಜಾತ್ರೆಗಳನ್ನು ಬಲ್ಲವರಿಗೆ ಬೇಗ ಅರ್ಥವಾಗುತ್ತದೆ. ಮಾರುವ ಮೊದಲು ಕೆಲವು ದಿನ ಹಾಲು ಕರೆಯದೆ ಕೆಚ್ಚಲು ತುಂಬಿರುವಂತೆ ತೋರಿಸುವುದನ್ನು ಹದೀಸ್ ನಿಷೇಧಿಸುತ್ತದೆ. ಹಾಗೆ ಮೋಸಹೋದವನು ಪ್ರಾಣಿಯನ್ನು ಇಟ್ಟುಕೊಳ್ಳಬಹುದು. ಇಲ್ಲವೇ ಕರೆದುಕೊಂಡ ಹಾಲಿಗೆ ಬದಲಾಗಿ ಒಂದು ಸಾಅ್ ಅಳತೆಯ ಖರ್ಜೂರವನ್ನು ಸೇರಿಸಿ ಹಿಂದಿರುಗಿಸಬಹುದು. ಶಾಫಿಈಗಳು ಇದನ್ನು ಅಕ್ಷರಶಃ ಪಾಲಿಸುತ್ತಾರೆ. ಹನಫಿಗಳು ಪರಿಹಾರದ ಈ ಕ್ರಮ ನಷ್ಟಪರಿಹಾರದ ಸಾಮಾನ್ಯ ತತ್ತ್ವಕ್ಕೆ ಹೊಂದುವುದಿಲ್ಲವೆಂದು ಅದನ್ನು ಅನ್ವಯಿಸುವುದಿಲ್ಲ. ಆದರೆ ಆ ಕೃತ್ಯ ಮೋಸವೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಮಾರಿದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲವೆಂಬ ಫಲಕ ನಮ್ಮ ಅಂಗಡಿಗಳಲ್ಲಿ ಸಾಮಾನ್ಯ. ಇಂಥ ಘೋಷಣೆಯಿಂದ ಮಾರುವವನು ಹೊಣೆಯಿಂದ ಪಾರಾಗುವನೇ? ಎಲ್ಲ ದೋಷಗಳಿಂದ ತಾನು ಮುಕ್ತನೆಂಬ ಷರತ್ತನ್ನು ಹನಫಿಗಳು ವಿಶಾಲವಾಗಿ ಒಪ್ಪುತ್ತಾರೆ. ಶಾಫಿಈಗಳು ಅದನ್ನು ಬಹಳ ಕಿರಿದುಗೊಳಿಸಿ, ಪ್ರಾಣಿಗಳಲ್ಲಿರುವ, ಮಾರುವವನಿಗೂ ತಿಳಿಯದ ಒಳದೋಷಗಳಿಗೆ ಮಾತ್ರ ಸೀಮಿತಗೊಳಿಸುತ್ತಾರೆ. ಇಲ್ಲಿ ಹನಫಿ ಶಾಸ್ತ್ರದ ಒಂದು ಸೂಕ್ಷ್ಮ ಭೇದವನ್ನು ತಿಳಿದಿರಬೇಕು. ನ್ಯಾಯಾಧೀಶನ ಮುಂದೆ ಸಲ್ಲುವ ತೀರ್ಪು ಒಂದು, ದೇವರ ಮುಂದೆ ಆತ್ಮಸಾಕ್ಷಿಗೆ ಸಲ್ಲುವ ತೀರ್ಪು ಇನ್ನೊಂದು. ಮೊದಲನೆಯದು 'ಕಝಾ', ಎರಡನೆಯದು 'ದಿಯಾನಾ'. ಕೋರ್ಟಿನಲ್ಲಿ ಗೆದ್ದವನು ದೇವರ ಮುಂದೆ ಸೋಲಬಹುದು. ಬಾಹ್ಯ ನ್ಯಾಯಪೀಠ ಮತ್ತು ಅಂತರಂಗದ ನ್ಯಾಯಪೀಠವೆಂದು ನಮ್ಮ ಧರ್ಮಸಭೆಯ ಕಾನೂನು ಮಾಡುವ ಭೇದಕ್ಕೆ ಇದು ಹತ್ತಿರವಾದುದು.

4. ಅನಿಶ್ಚಿತತೆಯ ನಿಷೇಧ

ಯಾವುದರ ಇರವು, ಪ್ರಮಾಣ ಅಥವಾ ಹಸ್ತಾಂತರ ಅನಿಶ್ಚಿತವೋ ಅದರ ಮಾರಾಟವನ್ನು 'ಘರರ್' ಎಂದು ಕರೆದು ನಿಷೇಧಿಸಲಾಗಿದೆ. ನೀರಿನೊಳಗಿನ ಮೀನು, ಹಾರುತ್ತಿರುವ ಹಕ್ಕಿ, ತಾಯಿಯ ಹೊಟ್ಟೆಯಲ್ಲಿರುವ ಕರು ಇವು ಶಾಸ್ತ್ರಗ್ರಂಥಗಳು ಕೊಡುವ ಉದಾಹರಣೆಗಳು. ಮರದ ಮೇಲಿನ ಹಣ್ಣನ್ನು ಅದು ಪಕ್ವವಾಗುವ ಲಕ್ಷಣ ಕಾಣುವ ಮೊದಲೇ ಮಾರುವುದೂ ಇದೇ ಸಾಲಿಗೆ ಸೇರುತ್ತದೆ. ಮಲೆನಾಡಿನ ಅಡಕೆ ತೋಟಗಳಲ್ಲಿ ಮರದ ಮೇಲಿನ ಫಸಲನ್ನೇ ಚೇಣಿಗೆ ಕೊಡುವ ಪದ್ಧತಿಯನ್ನು ಬಲ್ಲವರು ಈ ನಿಯಮದ ಹಿಂದಿರುವ ಆತಂಕವನ್ನು ಊಹಿಸಬಲ್ಲರು. ಕೊಳೆರೋಗ ಬಂದರೆ ಒಬ್ಬನಿಗೆ ನಷ್ಟ, ಬೆಲೆ ಏರಿದರೆ ಇನ್ನೊಬ್ಬನಿಗೆ ನಷ್ಟ; ಒಬ್ಬನ ಲಾಭ ಇನ್ನೊಬ್ಬನ ದುರದೃಷ್ಟದಿಂದಲೇ ಹುಟ್ಟುತ್ತದೆ.

ಹಾಗಾದರೆ ಬೆಳೆಗೆ ಮುನ್ನ ಹಣದ ಅಗತ್ಯವಿರುವ ರೈತನ ಗತಿಯೇನು? ಅವನಿಗಾಗಿ 'ಸಲಮ್' ಎಂಬ ಒಪ್ಪಂದವಿದೆ. ಪ್ರವಾದಿಯವರು ಮದೀನಾಕ್ಕೆ ಬಂದಾಗ ಅಲ್ಲಿಯ ಜನರು ಒಂದೆರಡು ವರ್ಷ ಮುಂಚಿತವಾಗಿಯೇ ಹಣ ಕೊಟ್ಟು ಫಲ ಕೊಳ್ಳುತ್ತಿದ್ದರು. ಅವರು ಅದನ್ನು ತಡೆಯಲಿಲ್ಲ. ಅಳತೆ, ತೂಕ, ಗಡುವುಗಳು ನಿಶ್ಚಿತವಾಗಿರಬೇಕೆಂದು ವಿಧಿಸಿದರು. ಬಹುಪಾಲು ಪಂಥಗಳ ಪ್ರಕಾರ ಬೆಲೆಯನ್ನು ಒಪ್ಪಂದದ ಹೊತ್ತಿನಲ್ಲೇ ಪೂರ್ಣವಾಗಿ ಕೊಡಬೇಕು. ಇಲ್ಲಿ ಮಾರುವುದು ಇಂಥದೇ ತೋಟದ ಫಲವನ್ನಲ್ಲ, ಇಂಥ ಗುಣದ ಇಷ್ಟು ಪ್ರಮಾಣದ ಫಲವನ್ನು. ಹೀಗೆ ನಿಷೇಧವೂ ಅದರ ವಿನಾಯಿತಿಯೂ ಒಂದೇ ಉದ್ದೇಶಕ್ಕೆ ದುಡಿಯುತ್ತವೆ: ಇಬ್ಬರಿಗೂ ತಾವು ಏನನ್ನು ಒಪ್ಪುತ್ತಿದ್ದೇವೆಂಬುದು ಗೊತ್ತಿರಬೇಕು.

5. ಮಾರುಕಟ್ಟೆಯ ಶಿಸ್ತು

ಮೇಲಿನ ನಿಯಮಗಳು ಕೊಳ್ಳುವವನನ್ನು ಕಾಪಾಡುತ್ತವೆ. ಮಾರುವವನೂ ಅರಿವಿಲ್ಲದವನಾಗಿರಬಹುದೆಂಬುದನ್ನು ಈ ಶಾಸ್ತ್ರ ಮರೆತಿಲ್ಲ. ಸರಕು ಹೊತ್ತು ಬರುವ ಗ್ರಾಮೀಣ ವ್ಯಾಪಾರಿಗಳನ್ನು ಪೇಟೆಯ ಹೊರಗೇ ಎದುರುಗೊಂಡು, ಪೇಟೆಯ ಧಾರಣೆ ತಿಳಿಯುವ ಮೊದಲೇ ಅಗ್ಗವಾಗಿ ಕೊಳ್ಳುವುದನ್ನು ಹದೀಸ್ ನಿಷೇಧಿಸುತ್ತದೆ. ಹಾಗೆ ಮಾರಿದವನು ಪೇಟೆ ತಲುಪಿ ನಿಜವಾದ ಧಾರಣೆ ತಿಳಿದಾಗ ಮಾರಾಟವನ್ನು ರದ್ದುಪಡಿಸಬಹುದು. ಊರ ಅಂಚಿನಲ್ಲೇ ದಲ್ಲಾಳಿಗೆ ಫಸಲು ಒಪ್ಪಿಸಿಬಿಡುವ ನಮ್ಮ ರೈತನ ನೆನಪು ಇಲ್ಲಿ ಬಾರದಿರದು.

ಕೊಳ್ಳುವ ಉದ್ದೇಶವಿಲ್ಲದೆ ಹರಾಜಿನಲ್ಲಿ ಕೂಗಿ ಬೆಲೆಯೇರಿಸುವುದು 'ನಜಶ್', ಅದು ನಿಷಿದ್ಧ. ಅಭಾವ ಸೃಷ್ಟಿಸಿ ಬೆಲೆಯೇರಿಸಲು ಆಹಾರವನ್ನು ಕೂಡಿಡುವುದು 'ಇಹ್ತಿಕಾರ್', ಅದು ಪಾಪ. ಆದರೆ ಮದೀನಾದಲ್ಲಿ ಬೆಲೆಗಳು ಏರಿದಾಗ ಧಾರಣೆ ನಿಗದಿಪಡಿಸಬೇಕೆಂಬ ಜನರ ಬೇಡಿಕೆಯನ್ನು ಪ್ರವಾದಿಯವರು ಒಪ್ಪಲಿಲ್ಲ. ಸಹಜವಾದ ಏರಿಳಿತದಲ್ಲಿ ಕೈಹಾಕಿದರೆ ಮಾರುವವರಿಗೆ ಅನ್ಯಾಯವಾದೀತೆಂಬುದು ಅದರ ಆಶಯ. ವ್ಯಾಪಾರಿಗಳು ಕೂಡಿಕೊಂಡು ಬೆಲೆಯೇರಿಸಿದಾಗ ಆಡಳಿತವು ನ್ಯಾಯಬೆಲೆಯನ್ನು ವಿಧಿಸಬಹುದೆಂದು ಮುಂದೆ ಇಬ್ನ್ ತೈಮಿಯ್ಯಾ (ನಿಧನ 1328) ವಾದಿಸಿದರು. ಪೇಟೆಯ ತೂಕ, ಅಳತೆ, ಕಲಬೆರಕೆಗಳ ಮೇಲೆ ಕಣ್ಣಿಡಲು 'ಮುಹ್ತಸಿಬ್' ಎಂಬ ಅಧಿಕಾರಿಯನ್ನು ನೇಮಿಸುವ ಪದ್ಧತಿ ಇಸ್ಲಾಮಿನ ನಗರಗಳಲ್ಲಿ ಶತಮಾನಗಳ ಕಾಲ ನಡೆದುಬಂತು.

6. ಬಡ್ಡಿಯ ಪ್ರಶ್ನೆ

'ರಿಬಾ' ಎಂಬ ಪದಕ್ಕೆ ಹೆಚ್ಚಳವೆಂದು ಅರ್ಥ. ಸಾಲದ ಮೇಲಿನ ಬಡ್ಡಿಯಷ್ಟೇ ಅದರ ವ್ಯಾಪ್ತಿಯಲ್ಲ. ಚಿನ್ನ, ಬೆಳ್ಳಿ, ಗೋಧಿ, ಜವೆ, ಖರ್ಜೂರ, ಉಪ್ಪು ಈ ಆರು ವಸ್ತುಗಳನ್ನು ಅದೇ ವಸ್ತುವಿಗೆ ವಿನಿಮಯ ಮಾಡುವಾಗ ಸಮಪ್ರಮಾಣದಲ್ಲಿ, ಕೈಯಿಂದ ಕೈಗೆ ಕೊಡಬೇಕೆಂದು ಹದೀಸ್ ಹೇಳುತ್ತದೆ. ಬಿಲಾಲರು ಎರಡು ಅಳತೆ ಕೀಳು ಖರ್ಜೂರ ಕೊಟ್ಟು ಒಂದು ಅಳತೆ ಉತ್ತಮ ಖರ್ಜೂರ ತಂದಾಗ ಪ್ರವಾದಿಯವರು ಅದನ್ನು ರಿಬಾ ಎಂದರು. ಕೀಳನ್ನು ಹಣಕ್ಕೆ ಮಾರಿ, ಆ ಹಣದಿಂದ ಉತ್ತಮವನ್ನು ಕೊಳ್ಳಬೇಕೆಂದು ತಿಳಿಸಿದರು. ಫಲಿತಾಂಶ ಒಂದೇ ಎಂದು ತೋರಬಹುದು. ಆದರೆ ನಡುವೆ ಹಣ ಬಂದಾಗ ಎರಡೂ ಸರಕುಗಳ ಪೇಟೆಬೆಲೆ ಬಯಲಾಗುತ್ತದೆ. ಈ ನಿಯಮದ ಕಾರಣವನ್ನು ಹಲವರು ಹೀಗೆಯೇ ವಿವರಿಸಿದ್ದಾರೆ.

ಬಡ್ಡಿಗೆ ಬದಲಾಗಿ ಶಾಸ್ತ್ರವು ಕೆಲವು ದಾರಿಗಳನ್ನು ತೋರಿಸುತ್ತದೆ. ಪ್ರತಿಫಲ ಬಯಸದ ಸಾಲ 'ಕರ್ಝ್ ಹಸನ್'. ಒಬ್ಬನ ಬಂಡವಾಳ, ಇನ್ನೊಬ್ಬನ ದುಡಿಮೆ, ಲಾಭದಲ್ಲಿ ಮೊದಲೇ ಗೊತ್ತುಪಡಿಸಿದ ಪಾಲು, ಹಣದ ನಷ್ಟ ಬಂಡವಾಳಗಾರನಿಗೆ ಎಂಬ ಒಪ್ಪಂದ 'ಮುದಾರಬಾ'. ತಾನು ಕೊಂಡ ಬೆಲೆಯನ್ನು ನಿಜವಾಗಿ ತಿಳಿಸಿ ಅದರ ಮೇಲೆ ಇಷ್ಟು ಲಾಭವೆಂದು ಮಾರುವುದು 'ಮುರಾಬಹಾ'. ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವವರೆಗೆ ಅವಕಾಶ ಕೊಡಬೇಕು, ಸಾಲವನ್ನೇ ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು ಎಂದು ಎರಡನೆಯ ಅಧ್ಯಾಯದ 280ನೆಯ ವಚನ ಬೋಧಿಸುತ್ತದೆ.

ಈ ಆದರ್ಶಕ್ಕೂ ಆಚರಣೆಗೂ ನಡುವಿನ ಅಂತರವನ್ನು ಮುಸ್ಲಿಂ ವಿದ್ವಾಂಸರೇ ಎತ್ತಿ ತೋರಿಸಿದ್ದಾರೆ. ಒಂದು ವಸ್ತುವನ್ನು ಸಾಲಕ್ಕೆ ಹೆಚ್ಚಿನ ಬೆಲೆಗೆ ಮಾರಿ, ಒಡನೆಯೇ ನಗದು ಕೊಟ್ಟು ಕಡಮೆ ಬೆಲೆಗೆ ಹಿಂದಕ್ಕೆ ಕೊಂಡರೆ ವಸ್ತು ಇದ್ದಲ್ಲೇ ಇರುತ್ತದೆ, ಬಡ್ಡಿ ಮಾತ್ರ ಹುಟ್ಟುತ್ತದೆ. ಮಾಲಿಕಿ ಮತ್ತು ಹಂಬಲಿ ಪಂಥಗಳು ಇದನ್ನು ತಿರಸ್ಕರಿಸುತ್ತವೆ. ಒಪ್ಪಂದದ ಬಾಹ್ಯರೂಪವನ್ನು ನೋಡುವ ಶಾಫಿಈಗಳು ಅದನ್ನು ಸಿಂಧುವೆಂದು ಪರಿಗಣಿಸಿದ್ದಾರೆ. ನಾವು ಇದನ್ನು ಕಂಡು ನಗುವಂತಿಲ್ಲ. ನಮ್ಮಲ್ಲಿಯೂ 'ತ್ರಿವಿಧ ಒಪ್ಪಂದ' ಎಂಬ ಉಪಾಯವಿತ್ತು: ಪಾಲುದಾರಿಕೆ, ಬಂಡವಾಳದ ವಿಮೆ, ನಿಶ್ಚಿತ ಲಾಭ ಎಂಬ ಮೂರು ನಿರ್ದೋಷ ಒಪ್ಪಂದಗಳನ್ನು ಜೋಡಿಸಿದಾಗ ಒಟ್ಟು ಫಲ ಬಡ್ಡಿಯೇ ಆಗಿತ್ತು. ಯೋಹಾನ್ ಎಕ್ 1515ರಲ್ಲಿ ಬೊಲೋನ್ಯಾದ ವಾದಸಭೆಯಲ್ಲಿ ಅದನ್ನು ಸಮರ್ಥಿಸಿದರು. ಪೋಪ್ ಐದನೆಯ ಸಿಕ್ಸ್ಟಸ್ 1586ರಲ್ಲಿ ಅದನ್ನು ಖಂಡಿಸಿದರು.

ಬಡ್ಡಿಯನ್ನು ಕುರಿತ ನಮ್ಮ ಇತಿಹಾಸವೂ ದೀರ್ಘವಾದುದು. 325ರ ನೈಸಿಯಾ ಮಹಾಸಭೆಯ 17ನೆಯ ನಿಯಮವು ಯಾಜಕರು ಬಡ್ಡಿ ಪಡೆಯುವುದನ್ನು ನಿಷೇಧಿಸಿತು. 1179ರ ಮೂರನೆಯ ಲ್ಯಾಟರನ್ ಮಹಾಸಭೆ ಬಹಿರಂಗ ಬಡ್ಡಿಕೋರರಿಗೆ ಪರಮಪ್ರಸಾದವನ್ನೂ ಕ್ರೈಸ್ತ ಸಮಾಧಿಯನ್ನೂ ನಿರಾಕರಿಸಿತು. ಬಡವರಿಗೆ ಅಲ್ಪ ವೆಚ್ಚದಲ್ಲಿ ಅಡಮಾನ ಸಾಲ ಕೊಡಲು ಫ್ರಾನ್ಸಿಸ್ಕನ್ ಸನ್ಯಾಸಿಗಳ ಪ್ರೇರಣೆಯಿಂದ 1462ರಲ್ಲಿ ಪೆರೂಜಾದಲ್ಲಿ ಆರಂಭವಾದ ನಿಧಿಯಂಥ ಸಂಸ್ಥೆಗಳನ್ನು ಐದನೆಯ ಲ್ಯಾಟರನ್ ಮಹಾಸಭೆ 1515ರಲ್ಲಿ ಮಾನ್ಯ ಮಾಡಿತು. ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ 1745ರ ತಮ್ಮ ವಿಶ್ವಪತ್ರದಲ್ಲಿ ಸಾಲದ ಕಾರಣದಿಂದಲೇ ಹೆಚ್ಚಳ ಪಡೆಯುವುದನ್ನು ಖಂಡಿಸಿದರು. ಸಾಲಕ್ಕೆ ಹೊರತಾದ ನ್ಯಾಯಸಮ್ಮತ ಕಾರಣಗಳಿಗೆ ಅವಕಾಶ ಉಳಿಸಿದರು. ಮುಂದೆ ಮಿತವಾದ ಬಡ್ಡಿ ನಮಗೆ ಪ್ರಶ್ನೆಯಾಗಿಯೇ ಉಳಿಯಲಿಲ್ಲ. ಮುಸ್ಲಿಂ ನೆರೆಯವರಿಗೆ ಅದು ಇನ್ನೂ ಪ್ರಶ್ನೆಯಾಗಿದೆಯೆಂಬುದನ್ನು ಹಿಂದುಳಿದಿರುವಿಕೆಯೆಂದು ಬಗೆಯುವುದು ನಮ್ಮದೇ ಪೂರ್ವಜರನ್ನು ಮರೆಯುವುದಾಗುತ್ತದೆ.

ಹೆಸರು ಶುದ್ಧವಾದೊಡನೆ ವ್ಯವಹಾರ ಶುದ್ಧವಾಗುವುದಿಲ್ಲವೆಂಬುದಕ್ಕೆ ನಮ್ಮ ರಾಜ್ಯವೇ ಸಾಕ್ಷಿ. ಹಲಾಲ್ ಹೂಡಿಕೆಯೆಂದು ಹೇಳಿಕೊಂಡು ಹಣ ಸಂಗ್ರಹಿಸಿದ ಸಂಸ್ಥೆಯೊಂದು 2019ರಲ್ಲಿ ಬೆಂಗಳೂರಿನಲ್ಲಿ ಕುಸಿದುಬಿದ್ದು ಸಾವಿರಾರು ಕುಟುಂಬಗಳ ಉಳಿತಾಯ ಮಣ್ಣುಪಾಲಾಯಿತು; ಅವರಲ್ಲಿ ಹೆಚ್ಚಿನವರು ಮುಸ್ಲಿಮರೇ. ನಷ್ಟದ ಸಾಧ್ಯತೆಯಿಲ್ಲದ ಲಾಭವನ್ನು ಯಾರಾದರೂ ಖಚಿತಪಡಿಸಿದರೆ ಅದು ಮುದಾರಬಾ ಆಗಲಾರದೆಂಬ ನಿಯಮವನ್ನು ಅರಿತಿದ್ದರೆ ಅದು ರಕ್ಷೆಯಾಗಬಹುದಿತ್ತು.

7. ನ್ಯಾಯ ಮತ್ತು ಔದಾರ್ಯ: ಘಝಾಲಿ ಮತ್ತು ಅಕ್ವಿನಾಸ್

ನಿಯಮಗಳನ್ನು ಆತ್ಮಸಾಕ್ಷಿಯ ಶಿಕ್ಷಣವಾಗಿ ಮಾರ್ಪಡಿಸಿದವರಲ್ಲಿ ಇಮಾಮ್ ಘಝಾಲಿ (ನಿಧನ 1111) ಪ್ರಮುಖರು. ಧಾರ್ಮಿಕ ವಿದ್ಯೆಗಳ ಪುನರುಜ್ಜೀವನವನ್ನು ಕುರಿತ ತಮ್ಮ ಮಹಾಗ್ರಂಥದಲ್ಲಿ ಅವರು ಸಂಪಾದನೆ ಮತ್ತು ಜೀವನೋಪಾಯಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟಿದ್ದಾರೆ. ಅವರ ಪ್ರಕಾರ ವ್ಯಾಪಾರಿಗೆ ನ್ಯಾಯವು ವಿಧಿಸುವ ನಾಲ್ಕು ಕರ್ತವ್ಯಗಳಿವೆ: ಇಲ್ಲದ ಗುಣವನ್ನು ಹೊಗಳಬಾರದು, ಇರುವ ದೋಷವನ್ನು ಮುಚ್ಚಿಡಬಾರದು, ತೂಕ ಅಳತೆಗಳನ್ನು ಮರೆಮಾಚಬಾರದು, ಪೇಟೆಯ ಧಾರಣೆಯನ್ನು ಅಡಗಿಸಬಾರದು. ನಾಲ್ಕರಲ್ಲಿಯೂ ಹರಿಯುವ ಎಳೆ ಒಂದೇ. ಒಬ್ಬನಿಗೆ ಗೊತ್ತಿದ್ದು ಇನ್ನೊಬ್ಬನಿಗೆ ಗೊತ್ತಿಲ್ಲದ ಸಂಗತಿಯನ್ನು ಲಾಭದ ಮೂಲವಾಗಿಸಬಾರದು. ಕೈಗೆ ಬಂದ ಖೋಟಾ ನಾಣ್ಯವನ್ನು ಮತ್ತೊಬ್ಬರಿಗೆ ದಾಟಿಸದೆ ಬಾವಿಗೆ ಎಸೆಯಬೇಕೆಂದೂ ಅವರು ಹೇಳುತ್ತಾರೆ; ಅದು ಕೈಯಿಂದ ಕೈಗೆ ಸಾಗಿದಷ್ಟು ಕಾಲ ಮೊದಲು ದಾಟಿಸಿದವನ ಪಾಪವೂ ಸಾಗುತ್ತದೆ.

ನ್ಯಾಯದಾಚೆಗೆ 'ಇಹ್ಸಾನ್' ಅಂದರೆ ಔದಾರ್ಯವಿದೆ. ಇದನ್ನು ತಿಳಿಸಲು ಘಝಾಲಿಯವರು ಬಸ್ರಾದ ಬಟ್ಟೆ ವ್ಯಾಪಾರಿ ಯೂನುಸ್ ಇಬ್ನ್ ಉಬೈದ್ ಅವರ ಕಥೆಯನ್ನು ನೆನೆಯುತ್ತಾರೆ. ಅವರು ನಮಾಜಿಗೆ ಹೋಗಿದ್ದಾಗ ಅಂಗಡಿಯಲ್ಲಿದ್ದ ಅಣ್ಣನ ಮಗ ಇನ್ನೂರು ದಿರ್ಹಮಿನ ಬಟ್ಟೆಯನ್ನು ಮರುಭೂಮಿಯವನೊಬ್ಬನಿಗೆ ನಾನೂರಕ್ಕೆ ಮಾರಿದನು. ದಾರಿಯಲ್ಲಿ ಬಟ್ಟೆಯನ್ನು ಗುರುತಿಸಿದ ಯೂನುಸರು ಅದರ ಬೆಲೆ ಇನ್ನೂರೆಂದು ಹೇಳಿದರು. ತಮ್ಮ ಕಡೆ ಇದಕ್ಕೆ ಐನೂರು ಬೆಲೆಯಿದೆ, ತನಗೆ ತೃಪ್ತಿಯಾಗಿದೆ ಎಂದು ಕೊಂಡವನು ಹೇಳಿದರೂ ಬಿಡದೆ ಅಂಗಡಿಗೆ ಕರೆತಂದು ಇನ್ನೂರನ್ನು ಹಿಂದಿರುಗಿಸಿದರು. ಕೊಂಡವನು ಸಂತುಷ್ಟನಾಗಿದ್ದನು; ಸಂತುಷ್ಟನಲ್ಲದವನು ಮಾರಿದವನು.

ಸಂತ ಥಾಮಸ್ ಅಕ್ವಿನಾಸರು 'ಸುಮ್ಮಾ ಥಿಯೋಲಾಜಿಯೆ' ಗ್ರಂಥದ ಎರಡನೆಯ ಭಾಗದ ದ್ವಿತೀಯ ವಿಭಾಗದಲ್ಲಿ, 77ನೆಯ ಪ್ರಶ್ನೆಯಲ್ಲಿ, ಇದೇ ನೆಲವನ್ನು ಉಳುತ್ತಾರೆ. ಗುಪ್ತ ದೋಷವನ್ನು ತಿಳಿಸದೆ ಮಾರುವುದು ಅಧರ್ಮ. ಒಂದು ಕಣ್ಣಿಲ್ಲದ ಕುದುರೆಯಂತೆ ದೋಷ ಎದ್ದು ಕಾಣುತ್ತಿದ್ದರೆ, ಬೆಲೆಯನ್ನು ತಕ್ಕಂತೆ ತಗ್ಗಿಸಿದ ಮೇಲೆ ಹೇಳಲೇಬೇಕೆಂದಿಲ್ಲ. ಬರಗಾಲದ ಊರಿಗೆ ಗೋಧಿ ತಂದ ವ್ಯಾಪಾರಿಗೆ ತನ್ನ ಹಿಂದೆ ಇನ್ನೂ ಹಲವರು ಗೋಧಿ ತರುತ್ತಿರುವುದು ಗೊತ್ತಿದ್ದರೆ ಅದನ್ನು ಹೇಳಬೇಕೇ? ನ್ಯಾಯದ ದೃಷ್ಟಿಯಿಂದ ಹೇಳಬೇಕಾದ ಕಟ್ಟುಪಾಡಿಲ್ಲ, ಹೇಳಿದರೆ ಅಥವಾ ಬೆಲೆ ಇಳಿಸಿದರೆ ಅದು ಹೆಚ್ಚಿನ ಸದ್ಗುಣ ಎಂಬುದು ಅವರ ಉತ್ತರ. ಪೇಟೆಯ ಧಾರಣೆಯ ವಿಷಯದಲ್ಲಿ ಘಝಾಲಿಯವರು ನ್ಯಾಯದ ಗೆರೆಯನ್ನು ಒಂದು ಹೆಜ್ಜೆ ಮುಂದಕ್ಕೆ ಎಳೆದಿದ್ದಾರೆಂದು ಒಪ್ಪಿಕೊಳ್ಳುವುದು ನಮಗೆ ಅಗೌರವವಲ್ಲ. ಮನುಷ್ಯರ ಕಾನೂನು ಸಹಿಸಿಕೊಳ್ಳುವ ಎಷ್ಟೋ ವಂಚನೆಗಳನ್ನು ದೇವರ ನಿಯಮ ಸಹಿಸುವುದಿಲ್ಲವೆಂಬುದರಲ್ಲಿ ಇಬ್ಬರೂ ಒಂದೇ.

8. ನಮ್ಮ ಪಾಲನಾಸೇವೆಗೆ ಇದರ ಅರ್ಥ

ಈಗ ವಿದ್ಯಾರ್ಥಿಯ ಎರಡನೆಯ ಪ್ರಶ್ನೆಗೆ ಬರೋಣ. ಕ್ರೈಸ್ತ ವ್ಯಾಪಾರಿಗೂ ಅಂಥ ಕಟ್ಟಳೆ ಇದೆ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2409ನೆಯ ಪರಿಚ್ಛೇದವು ಇನ್ನೊಬ್ಬರ ಅಜ್ಞಾನವನ್ನೋ ಸಂಕಟವನ್ನೋ ಬಳಸಿಕೊಂಡು ಬೆಲೆಯೇರಿಸುವುದನ್ನು ಏಳನೆಯ ಆಜ್ಞೆಯ ಉಲ್ಲಂಘನೆಗಳ ಸಾಲಿನಲ್ಲಿ ಹೆಸರಿಸುತ್ತದೆ. 2412ನೆಯ ಪರಿಚ್ಛೇದವು ಜಕ್ಕಾಯನನ್ನು ನೆನೆಯುತ್ತ, ಅನ್ಯಾಯವಾಗಿ ಪಡೆದುದನ್ನು ಹಿಂದಿರುಗಿಸಬೇಕೆನ್ನುತ್ತದೆ. ಇಸ್ಲಾಮಿನಲ್ಲಿಯೂ ಇತರರ ಹಕ್ಕಿಗೆ ಚ್ಯುತಿ ತಂದವನ ಪಶ್ಚಾತ್ತಾಪ ಆ ಹಕ್ಕನ್ನು ಮರಳಿಸದೆ ಪೂರ್ಣವಾಗುವುದಿಲ್ಲ. ಕೊರತೆಯಿರುವುದು ಕಟ್ಟಳೆಯಲ್ಲಲ್ಲ, ಬೋಧನೆಯಲ್ಲಿ. ನಮ್ಮ ಪ್ರಬೋಧನೆಗಳು ತಕ್ಕಡಿಯ ಬಗ್ಗೆ ಎಷ್ಟು ಸಲ ಮಾತನಾಡುತ್ತವೆ? ಪಾಪನಿವೇದನೆಗೆ ಭಕ್ತಾದಿಗಳನ್ನು ಸಿದ್ಧಪಡಿಸುವಾಗ ಆತ್ಮಪರಿಶೋಧನೆಯ ಪ್ರಶ್ನೆಗಳಲ್ಲಿ ಆರನೆಯ ಆಜ್ಞೆಗೆ ಕೊಡುವ ವಿವರದಲ್ಲಿ ಅರ್ಧವನ್ನಾದರೂ ಏಳನೆಯದಕ್ಕೆ ಕೊಡುತ್ತೇವೆಯೇ? ಕದ್ದಿದ್ದೀಯಾ ಎಂದು ಕೇಳಿದರೆ ವ್ಯಾಪಾರಿ ಇಲ್ಲವೆಂದೇ ಪ್ರಾಮಾಣಿಕವಾಗಿ ಉತ್ತರಿಸುವನು. ನಿನಗೆ ಗೊತ್ತಿದ್ದು ಅವನಿಗೆ ಗೊತ್ತಿಲ್ಲದ್ದು ಏನಿತ್ತು ಎಂದು ಯಾರೂ ಅವನನ್ನು ಕೇಳಿರುವುದಿಲ್ಲ.

ಇದನ್ನು ನಾವು ಹೊರಗಿನವರಾಗಿ ಬರೆಯುತ್ತಿಲ್ಲ. ಹಿಂದೆ ಧರ್ಮಕೇಂದ್ರವೊಂದರಲ್ಲಿ ಸೇವೆಯಲ್ಲಿದ್ದಾಗ ಅಲ್ಲಿಯ ಹಳೆಯ ಜೀಪನ್ನು ಮಾರಿದೆವು. ಘಟ್ಟ ಹತ್ತುವಾಗ ಎಂಜಿನು ಮಿತಿಮೀರಿ ಬಿಸಿಯಾಗುತ್ತದೆಂಬುದು ನಮಗೆ ಚೆನ್ನಾಗಿ ಗೊತ್ತಿತ್ತು. ಕೊಂಡವರು ಅದನ್ನು ಕೇಳಲಿಲ್ಲ. ಗುರುಗಳ ಮನೆಯ ಗಾಡಿಯೆಂಬ ನಂಬಿಕೆಯೇ ಅವರಿಗೆ ಸಾಕಾಗಿತ್ತು. ನಾವೂ ಹೇಳಲಿಲ್ಲ. ಬಂದ ಹಣ ದೇವಾಲಯದ ಛಾವಣಿಗೆ ಹೋದುದರಿಂದ ನಮ್ಮ ಮನಸ್ಸು ಯಾವ ಆಕ್ಷೇಪವನ್ನೂ ಎತ್ತಲಿಲ್ಲ. ವಿದ್ಯಾರ್ಥಿ ಆ ಬಟ್ಟೆಯ ಕಥೆ ಹೇಳಿದ ದಿನ ನಮಗೆ ನೆನಪಾದುದು ಆ ಜೀಪು. ಅರೆಬರೆ ಉತ್ತರ ಕೊಟ್ಟುದಕ್ಕೆ ಅದೂ ಒಂದು ಕಾರಣ. ಅನಂತರ ಅವರನ್ನು ಹುಡುಕಿಕೊಂಡು ಹೋಗಿ ವಿಷಯ ತಿಳಿಸಿ ದುರಸ್ತಿಗೆ ತಗುಲಿದ ಹಣವನ್ನು ಒಪ್ಪಿಸಿದೆವು. ಮೊದಲ ಬೇಸಿಗೆಯಲ್ಲೇ ತಮಗೆ ಗೊತ್ತಾಗಿತ್ತೆಂದೂ ಗುರುಗಳನ್ನು ಕೇಳುವುದು ಹೇಗೆಂದು ಸುಮ್ಮನಿದ್ದೆವೆಂದೂ ಅವರು ಹೇಳಿದರು. ನಮ್ಮ ಅಂಗಿಯ ಮೇಲಿನ ಗೌರವವೇ ಅವರ ಬಾಯಿ ಕಟ್ಟಿತ್ತು.

ಆದ್ದರಿಂದ ಯಾಜಕರಾದ ನಮಗೆ ಮೂರು ಸೂಚನೆಗಳನ್ನು ಮುಂದಿಡಬಯಸುತ್ತೇವೆ. ಮೊದಲನೆಯದು, ಧರ್ಮಕೇಂದ್ರದ ಜಮೀನು, ವಾಹನ, ಸಭಾಭವನಗಳ ವ್ಯವಹಾರದಲ್ಲಿ ನಮಗೆ ಗೊತ್ತಿರುವ ದೋಷಗಳನ್ನೂ ಷರತ್ತುಗಳನ್ನೂ ಲಿಖಿತವಾಗಿ ತಿಳಿಸುವುದು. ಎರಡನೆಯದು, ವರ್ಷಕ್ಕೊಮ್ಮೆಯಾದರೂ ವ್ಯಾಪಾರಿಗಳಿಗೂ ಕೃಷಿಕರಿಗೂ ಏಳನೆಯ ಆಜ್ಞೆಯನ್ನು ಅವರ ಕಸುಬಿನ ಮಾತಿನಲ್ಲೇ ವಿವರಿಸುವುದು. ಮೂರನೆಯದು, ಈ ವಿಷಯದಲ್ಲಿ ಊರಿನ ಮಸೀದಿಯ ಮೌಲವಿಗಳೊಡನೆ ಮಾತುಕತೆ ಆರಂಭಿಸುವುದು. ತೂಕದ ಬಗ್ಗೆ, ಸಾಲದ ಬಗ್ಗೆ, ಕೂಲಿಯ ಬಗ್ಗೆ ಇಬ್ಬರೂ ಒಂದೇ ದನಿಯಲ್ಲಿ ಹೇಳಬಹುದಾದ ಮಾತುಗಳು ಹಲವಿವೆ. ಪೇಟೆಗೆ ಅವುಗಳ ಅಗತ್ಯವೂ ಇದೆ.

ಉಪಸಂಹಾರ

ಎರಡು ಧರ್ಮಗಳ ನಡುವಿನ ಅಂತರವನ್ನು ಅಳಿಸುವುದು ನಮ್ಮ ಉದ್ದೇಶವಲ್ಲ. ನಮಗೆ ನೀತಿಯ ಮೂಲ ಕ್ರಿಸ್ತನಲ್ಲಿ ದೊರೆತ ಕೃಪೆ. ಜಕ್ಕಾಯನು ನಾಲ್ಕರಷ್ಟು ಹಿಂದಿರುಗಿಸಲು ಮುಂದಾದುದು ಯೇಸುಸ್ವಾಮಿ ಅವನ ಮನೆಗೆ ಬಂದ ಮೇಲೆ. ಮುಸ್ಲಿಮರಿಗೆ ಮಾರುಕಟ್ಟೆಯ ಪ್ರಾಮಾಣಿಕತೆ ದೇವರ ಇಚ್ಛೆಗೆ ಶರಣಾಗತಿಯ ಒಂದು ರೂಪ. ಆದರೆ ಎರಡೂ ಸಂಪ್ರದಾಯಗಳ ವ್ಯಾಪಾರಿ ತಕ್ಕಡಿಯ ಮುಂದೆ ನಿಂತಾಗ ಮೂರನೆಯವನೊಬ್ಬನು ಅಲ್ಲಿದ್ದಾನೆ. ಕೊಳ್ಳುವವನಿಗೆ ತಿಳಿಯದುದು ಆತನಿಗೆ ತಿಳಿದಿದೆ. ಬಟ್ಟೆಯನ್ನು ಬೆಳಕಿಗೆ ಹಿಡಿದ ಆ ಅಂಗಡಿಯವರು ಇದನ್ನು ಅರಿತಿದ್ದರು. ಅವರ ಸ್ವಭಾವ ಒಳ್ಳೆಯದಿದ್ದಿರಬಹುದು. ಅದರ ಹಿಂದೆ ಸಾವಿರಕ್ಕೂ ಹೆಚ್ಚು ವರ್ಷಗಳ ಒಂದು ಶಿಕ್ಷಣವೂ ಇತ್ತು. ಅಂಥ ಶಿಕ್ಷಣ ನಮ್ಮ ಬಳಿಯೂ ಇದೆ. ಅದನ್ನು ನಮ್ಮ ಜನರಿಗೆ ಕಲಿಸುವುದಕ್ಕೆ ಮೊದಲು ನಮ್ಮ ಧರ್ಮಕೇಂದ್ರದ ಲೆಕ್ಕಪತ್ರಗಳಿಂದಲೇ ಆರಂಭಿಸುವುದು ಲೇಸು.